ಅತ್ತೆ ಗುಡುಗಿ ಎಬ್ಬಿಸಿದ ಅಣಬೆ

ಮಾವಿನ ದಿಮ್ಮಿಗಳು ಮನೆಗೆ ಬಂದ ದಿನ ನನ್ನತ್ತೆ ಹಿತ್ತಲ ಬಾಗಿಲಲ್ಲಿ ನಿಂತು, "ಸೌದೆ ಚೆನ್ನಾಗದೆ. ಹಂಡೆ ಒಲೆಗೆ ಇನ್ನು ಯೋಚ್ನೆ ಇಲ್ಲ," ಎಂದರು. ಇದು ಉರಿಸೋಕಲ್ಲ, ಇದರಲ್ಲಿ ಅಣಬೆ ಬೆಳೆಯುತ್ತೇನೆ ಎಂದೆ. ಅವರು ಮೂಗಿನ ಮೇಲೆ ಬೆರಳಿಟ್ಟರು.

"ನಾಯಿಕೊಡೆನಾ?"

"ನಾಯಿಕೊಡೆ ಅಲ್ಲ ಅತ್ತೆ, ತಿನ್ನೋ ಅಣಬೆ. ಚಿಪ್ಪಣಬೆ ಅಂತಾರೆ."

"ಯಾವ್ದಾದ್ರೂ ಆಗ್ಲಿ. ನನ್ನ ಅಡಿಗೆಮನೆ ಹೊಸ್ಲು ದಾಟ್ಬಾರ್ದು."

ಸುಂಟಿಕೊಪ್ಪದಲ್ಲಿ ಮುಖ್ಯರಸ್ತೆಯಿಂದ ಒಂದಷ್ಟು ಕೆಳಗಿಳಿದರೆ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ನನ್ನವರಿಗೆ ಮೇಲಿನ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ನಮ್ಮದು ಮಾಂಸ ಮುಟ್ಟದ ಮನೆ. ಅಣಬೆ ಮಾಂಸವೋ ತರಕಾರಿಯೋ ಎಂಬುದನ್ನು ಹಿಂದಿನವರು ಯಾರೂ ತೀರ್ಮಾನಿಸಿ ಹೋಗಿರಲಿಲ್ಲ. ಆದ್ದರಿಂದ ಅತ್ತೆ ಅದನ್ನು ಮಾಂಸದ ಪಕ್ಕಕ್ಕೇ ಇಟ್ಟಿದ್ದರು.

ನನಗೆ ಈ ಹುಚ್ಚು ಹತ್ತಿದ್ದು ಮಡಿಕೇರಿಯಲ್ಲಿ. ಹೊಲಿಗೆ ಯಂತ್ರದ ಬೆಲ್ಟ್ ತರಲು ಹೋಗಿದ್ದೆ. ಅಂಗಡಿಯ ಪಕ್ಕದ ಸಭಾಂಗಣದಿಂದ ಕಾಫಿಯ ಪರಿಮಳ ಬಂತು. ಬಾಗಿಲಲ್ಲಿದ್ದ ಹುಡುಗಿ, "ತರಬೇತಿಗೆ ಬಂದ್ರಾ ಮೇಡಂ? ಒಳಗೆ ಬನ್ನಿ," ಎಂದಳು. ಕಾಫಿ ಕುಡಿದು ಎದ್ದು ಬರುವ ಲೆಕ್ಕಾಚಾರದಲ್ಲಿ ಒಳಗೆ ಕೂತೆ. ಅಷ್ಟರಲ್ಲಿ ಪರದೆಯ ಮೇಲೊಂದು ಚಿತ್ರ ಬಂತು. ಒಣ ದಿಮ್ಮಿಯೊಂದರ ಮೈತುಂಬ ಬೆಳ್ಳನೆಯ ಅಣಬೆ, ಪದರ ಪದರವಾಗಿ, ಯಾರೋ ಕೂತು ಫ್ರಿಲ್ ಹಿಡಿದು ಹೊಲಿದ ಹಾಗೆ. ಮೂವತ್ತು ವರ್ಷದಿಂದ ಫ್ರಿಲ್ ಇಡುತ್ತಿದ್ದೇನೆ, ಅಷ್ಟು ಚೆಂದದ ಫ್ರಿಲ್ ನನ್ನ ಕೈಯಿಂದ ಒಂದೂ ಬಂದಿಲ್ಲ. ಸಂಜೆಯವರೆಗೆ ಅಲ್ಲೇ ಕೂತೆ. ಬರುವಾಗ ಚೀಲದಲ್ಲಿ ಅಣಬೆಯ ಬೀಜ ಹತ್ತಿಸಿದ ಮರದ ಬೆಣೆಗಳಿದ್ದವು, ಒಂದೊಂದೂ ಕಿರುಬೆರಳಿನ ತುದಿಯಷ್ಟು. ಬೆಲ್ಟ್ ಮರೆತು ಬಂದಿದ್ದೆ.

ದಿಮ್ಮಿ ಕೊಡಿಸಿದ್ದು ಪಕ್ಕದ ಮನೆಯ ಮಲಯಾಳಿ ಗೆಳತಿ ಚೇಚಿ. ಚೇಚಿ ಎಂದರೆ ಅವರ ಭಾಷೆಯಲ್ಲಿ ಅಕ್ಕ. ಅವಳ ಗಂಡ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಪಿಕ್ಕಿಂಗ್ ಮುಗಿದ ಮೇಲೆ ಕಾಫಿ ಕಣಕ್ಕೆ ನೆರಳು ಬೀಳಿಸುತ್ತಿದ್ದ ಮಾವಿನ ಕೊಂಬೆಗಳನ್ನು ಅಲ್ಲಿ ಕಡಿಸಿದ್ದರು. ತೊಡೆಯಷ್ಟು ದಪ್ಪದ ಹನ್ನೆರಡು ತುಂಡು ಜೀಪಿನಲ್ಲಿ ಬಂದವು.

ಎರಡು ವಾರ ಬಿಟ್ಟು ತೂತು ಕೊರೆಯಲು ಕೂತೆವು. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲಿ ತೊಗಟೆಯ ಮೇಲೆ ಗೇಣಿಗೊಂದರಂತೆ ಗುರುತು ಹಾಕಿದೆ, ಗುಂಡಿ ಕಾಜಾಕ್ಕೆ ಹಾಕುತ್ತೀವಲ್ಲ, ಹಾಗೆ. ನನ್ನವರ ಅಂಗಡಿಯ ಡ್ರಿಲ್ ತಂದೆ. ಅದನ್ನು ಹಿಡಿದ ಮೊದಲ ಕ್ಷಣದಲ್ಲೇ ನನಗೆ ನಗು ಶುರುವಾಯಿತು. ಕೈ ನಡುಗಿ, ಮೈ ನಡುಗಿ, ಹಲ್ಲೆಲ್ಲ ಕಟಕಟ ಅನ್ನುತ್ತಿತ್ತು. ಚೇಚಿ ದಿಮ್ಮಿಯ ಮೇಲೆ ಕುದುರೆ ಹತ್ತಿದ ಹಾಗೆ ಕೂತು, "ನಿಂಗೆ ಆಯ್ತು, ಇನ್ನು ನಂಗೆ ಕೊಡು," ಎಂದು ಕಿತ್ತುಕೊಂಡಳು. ಅವಳು ಕೊರೆದಳು, ನಾನು ಬೆಣೆ ಬಡಿದೆ.

ಬೆಣೆ ಬಡಿದ ಮೇಲೆ ತೂತುಗಳನ್ನು ಮೇಣದಿಂದ ಮುಚ್ಚಬೇಕು. ಕಕ್ಕಬೆಯಿಂದ ಬ್ಲೌಸ್ ಹೊಲಿಸಲು ಬರುವ ಒಬ್ಬರು ಜೇನುಮೇಣ ತಂದುಕೊಟ್ಟಿದ್ದರು. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಹಳೇ ಪಾತ್ರೆಯಲ್ಲಿ ಕರಗಿಸಿದೆ. ಆಗ ಕಾಫಿ ಹೂವಿನ ಕಾಲ. ಊರಿನ ಜೇನುಹುಳುಗಳೆಲ್ಲ ತೋಟದಲ್ಲಿದ್ದವು. ಮೇಣದ ವಾಸನೆ ಹೋದದ್ದೇ ತಡ, ಅರ್ಧ ಗಂಟೆಯಲ್ಲಿ ನಮ್ಮ ಹಿತ್ತಲಿಗೆ ಬಂದವು. ಚೇಚಿಯೂ ನಾನೂ ಒಳಗೆ ಓಡಿ ಬಾಗಿಲು ಹಾಕಿಕೊಂಡೆವು. ಕಿಟಕಿಯಿಂದ ನೋಡಿದರೆ ದಿಮ್ಮಿಗಳ ಮೇಲೆ ಹುಳು, ಪಾತ್ರೆಯ ಸುತ್ತ ಹುಳು, ಒಣಹಾಕಿದ್ದ ಅತ್ತೆಯ ಸೀರೆಯ ಮೇಲೂ ಹುಳು.

"ನನ್ನ ಸೀರೆ ಯಾರೇ ತರೋರು?" ಎಂದರು ಅತ್ತೆ.

"ಅವೇ ಹೋಗ್ತವೆ ಅಮ್ಮ. ಸೀರೆ ತಕೊಂಡು ಹೋಗಲ್ಲ," ಎಂದಳು ಚೇಚಿ.

ಅವು ಹೋಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅಷ್ಟು ಹೊತ್ತೂ ಮೂವರೂ ಕಿಟಕಿಗೆ ಮುಖ ಒತ್ತಿಕೊಂಡು ನಿಂತಿದ್ದೆವು. ಅತ್ತೆಗೆ ಸಿಟ್ಟಿತ್ತು, ಆದರೆ ಜಾಗ ಬಿಟ್ಟು ಕದಲಲಿಲ್ಲ.

ಆಮೇಲೆ ಕಾಯುವ ಕೆಲಸ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನೆರಳಲ್ಲಿ ದಿಮ್ಮಿಗಳನ್ನು ಪೇರಿಸಿ, ಗೋಣಿ ಹೊದಿಸಿ, ದಿನಾ ನೀರು ಚಿಮುಕಿಸಿದೆ. ನನ್ನವರು ಅಂಗಡಿಗೆ ಹೊರಡುವಾಗ, "ಸೌದೆಗೆ ಸ್ನಾನ ಆಯ್ತಾ?" ಎಂದು ಕೇಳುವುದು ಅಭ್ಯಾಸವಾಯಿತು. ಮಳೆಗಾಲ ಹಿಡಿಯಿತು. ತೋಟದ ಅಂಚಿನಲ್ಲಿ, ಹುತ್ತದ ಪಕ್ಕದಲ್ಲಿ, ಎಲ್ಲೆಲ್ಲೋ ಕಾಡಣಬೆ ಎದ್ದವು. ನನ್ನ ದಿಮ್ಮಿಗಳಲ್ಲಿ ಏನೂ ಇಲ್ಲ. ಒಂದು ಶೀತದ ಬೆಳಿಗ್ಗೆ ನೋಡಿದರೆ ಹನ್ನೆರಡಿದ್ದದ್ದು ಹನ್ನೊಂದಾಗಿತ್ತು. ಹಂಡೆಯ ನೀರು ಮಾತ್ರ ಚೆನ್ನಾಗಿ ಕಾದಿತ್ತು.

ಮಳೆ ಕಡಿಮೆಯಾಗುವ ಹೊತ್ತಿಗೆ ದಿಮ್ಮಿಗಳ ತುದಿಯಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ನಾನು ಕುಣಿದಾಡಿದೆ.

"ಬೂಷ್ಟು ಹಿಡಿದದೆ, ಅದಕ್ಕೆ ಇಷ್ಟು ಖುಷಿಯಾ?" ಎಂದರು ಅತ್ತೆ.

"ಬೂಷ್ಟಲ್ಲ ಅತ್ತೆ, ಒಳಗೆ ಬೇರು ಹರಡಿದೆ. ಇನ್ನು ಒಂದು ದಿನ ನೀರಲ್ಲಿ ಮುಳುಗಿಸಿ ಎತ್ತಿ ನಿಲ್ಲಿಸ್ಬೇಕು. ಆಮೇಲೆ ದಿಮ್ಮಿಗೆ ಚೆನ್ನಾಗಿ ಹೊಡೀಬೇಕು ಅಂತ ತರಬೇತೀಲಿ ಹೇಳಿದ್ರು."

"ಹೊಡೀಬೇಕಾ?"

"ಹ್ಞೂಂ. ಗುಡುಗಿದ ಹಾಗೆ ಅನ್ನಿಸ್ಬೇಕಂತೆ ಅದಕ್ಕೆ."

ಅತ್ತೆಯ ಮುಖ ಮೊದಲ ಸಲ ಬದಲಾಯಿತು. "ಅದನ್ನ ಮೊದ್ಲೇ ಹೇಳ್ಬಾರ್ದೇನೇ. ಗುಡುಗಿಲ್ದೆ ಅಣಬೆ ಎಲ್ಲಾದ್ರೂ ಏಳ್ತದಾ? ಇದು ನಮಗೆ ಗೊತ್ತಿಲ್ದೆ ಇರೋದಾ?" ಎಂದು ಒಳಗೆ ಹೋಗಿ ಒನಕೆ ತಂದರು. ಮರುದಿನ ಎಪ್ಪತ್ತೆರಡು ವರ್ಷದ ನನ್ನತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆನೆದು ನಿಂತ ದಿಮ್ಮಿಗಳಿಗೆ ಒಂದು ತುದಿಯಿಂದ ಶುರುಮಾಡಿ ಬಾರಿಸಿದರು. ಬಾರಿಸುವುದು ಸಾಲದೆಂದು ಬಾಯಲ್ಲೂ ಗುಡುಗಿದರು. ಪಕ್ಕದ ಗೋಡೆಯ ಮೇಲಿಂದ ಚೇಚಿಯ ತಲೆ ಕಾಣಿಸಿಕೊಂಡಿತು.

"ಏನಾಯ್ತು? ಯಾರನ್ನ ಹೊಡೀತಿದಾರೆ ಅಮ್ಮ?"

ನಾನು ನಗು ಹೆಚ್ಚಾಗಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಿದ್ದೆ.

ಐದನೇ ದಿನ ಗುಂಡುಸೂಜಿಯ ತಲೆಯಂಥವು ತೊಗಟೆಯಿಂದ ಹೊರಬಂದವು. ಎಂಟನೇ ದಿನ ಬೆಳಿಗ್ಗೆ ಗೋಣಿ ಎತ್ತಿದಾಗ ನಾನು ಕೂಗಿದ ಕೂಗಿಗೆ ನನ್ನವರು ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದರು. ಹನ್ನೊಂದು ದಿಮ್ಮಿಗೂ ಫ್ರಿಲ್. ಒಂದರ ಮೇಲೊಂದು, ಒಂದರ ಕೆಳಗೊಂದು, ಕೆಲವು ಬೂದಿಬಣ್ಣ, ಕೆಲವು ಹಾಲಿನ ಬಣ್ಣ. ಕೊರಳಲ್ಲಿ ಟೇಪ್ ಇತ್ತು. ಎಲ್ಲಕ್ಕಿಂತ ದೊಡ್ಡದನ್ನು ಅಳೆದೆ, ಏಳೂವರೆ ಇಂಚು.

"ಅದಕ್ಕೂ ಬ್ಲೌಸ್ ಹೊಲೀತೀಯೇನೆ?" ಎಂದರು ಅತ್ತೆ. ಆದರೆ ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದಿದ್ದವರು ಅವರೇ.

ಎರಡು ಬುಟ್ಟಿ ತುಂಬಿತು. ಅಡಿಗೆಮನೆಯ ಹೊಸ್ತಿಲು ದಾಟಿಸುವ ಹಾಗಿಲ್ಲವಲ್ಲ, ಬುಟ್ಟಿಗಳು ಮುಂದಿನ ಹೊಲಿಗೆ ಕೋಣೆಗೆ ಬಂದವು. ಸಂತೋಷದಲ್ಲಿ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಂದವರಿಗೆಲ್ಲ ಬ್ಲೌಸ್ ಹಾಕಿಕೊಡುವ ಕವರಿನಲ್ಲೇ ಅಣಬೆ ತುಂಬಿ ಕೊಟ್ಟೆ. ಚೇಚಿಗೆಂದು ಒಂದು ಕವರು ತೆಗೆದಿಟ್ಟು ಕಳಿಸಿದೆ. ಅದೇ ಗದ್ದಲದಲ್ಲಿ ಕುಶಾಲನಗರದ ಒಬ್ಬಳು ತಂಗಿಯ ಮದುವೆಗೆ ಹೊಲಿಸಿದ್ದ ರೇಷ್ಮೆ ಬ್ಲೌಸಿನ ಕವರು ತೆಗೆದುಕೊಂಡು ಬಸ್ ಹತ್ತಿದಳು.

ಒಂದು ಗಂಟೆಯ ಮೇಲೆ ಅವಳ ಫೋನ್. "ಅಕ್ಕಾ, ಕವರ್ ಬಿಚ್ಚಿದೆ. ಇದು ಯಾವ ಡಿಸೈನು?"

ಅದೇ ಹೊತ್ತಿಗೆ ಚೇಚಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಜರಿ ಅಂಚಿನ ಹಸಿರು ಬ್ಲೌಸ್. "ನಾನು ಈರುಳ್ಳಿ ಎಲ್ಲ ಹೆಚ್ಚಿಟ್ಟು ಕವರ್ ತೆಗ್ದೆ," ಎಂದಳು. "ಇದನ್ನ ಹೇಗೆ ಬೇಯಿಸೋದು?"

ಕುಶಾಲನಗರದವಳು ಅಣಬೆ ವಾಪಸು ಕೊಡುವುದಿಲ್ಲ ಎಂದಳು. ಬ್ಲೌಸನ್ನು ಮಧ್ಯಾಹ್ನದ ಬಸ್ಸಿನಲ್ಲಿ ಅಲ್ಲಿಗೆ ಹೋಗುವ ಅವಳ ಪರಿಚಯದವರ ಕೈಗೆ ಕೊಟ್ಟು ಕಳಿಸಿದೆ. ಚೇಚಿಯ ಪಾಲು ಹೋಗಿತ್ತಲ್ಲ, ಉಳಿದ ಬುಟ್ಟಿಯನ್ನು ಇಬ್ಬರೂ ಸೇರಿ ಹಿತ್ತಲಲ್ಲೇ ಬೇಯಿಸೋಣ ಎಂದೆವು. ಮೂರು ಕಲ್ಲಿನ ಒಲೆ ಹಚ್ಚಿ, ತೆಂಗಿನಕಾಯಿ, ಕರಿಮೆಣಸು, ಹೆಚ್ಚಿದ ಈರುಳ್ಳಿ ಎಲ್ಲ ತಂದಿಟ್ಟುಕೊಂಡೆವು. ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

"ನೀರು ಹಾಕ್ಬೇಡ, ಅದೇ ಬಿಡ್ತದೆ," ಎಂದರು.

ಚೇಚಿ ನೀರಿನ ಚೊಂಬು ಕೆಳಗಿಟ್ಟಳು.

"ಹುಣಸೆಹಣ್ಣು ಬೇಡ. ಕೊನೇಲಿ ಕಾಚಂಪುಳಿ ಬಿಡು, ಅರ್ಧ ಚಮಚ."

ಕೊಡವರ ಮನೆಗಳಲ್ಲಿ ಬಳಸುವ ಆ ಕಪ್ಪು ಹುಳಿ ನಮ್ಮ ಅಡುಗೆಗೆ ಎಂದೂ ಬಿದ್ದಿರಲಿಲ್ಲ. ನಾನು ಸೌಟು ನಿಲ್ಲಿಸಿ, "ನಿಮಗೆ ಹೇಗೆ ಗೊತ್ತು ಅತ್ತೆ?" ಎಂದೆ.

ಅವರು ಒಲೆಯನ್ನೇ ನೋಡುತ್ತ ಹೇಳಿದರು: "ನಮ್ಮಪ್ಪ ಕಕ್ಕಬೆ ಹತ್ರ ಅಂಗಡಿ ಇಟ್ಟಿದ್ದ. ಪಕ್ಕದ ಮನೆ ಕೊಡವರ ಹುಡುಗಿ ನನ್ನ ಜೊತೆಗಾತಿ. ಮಳೆಗಾಲದಲ್ಲಿ ಅವರ ಮನೇಲಿ ಕುಮ್ಮು ಸಾರು ಮಾಡೋರು, ಜೊತೆಗೆ ಅಕ್ಕಿತರಿ ಉಂಡೆ, ಕಡುಂಬುಟ್ಟು ಮಾಡೋರು. ಕುಮ್ಮು ಅಂದ್ರೆ ಅಣಬೆನೇ ಕಣೆ. ಕೂತು ತಿನ್ತಿದ್ದೆ. ಮನೆಗೆ ಬರೋ ಮುಂಚೆ ಸೀಬೆ ಎಲೆ ಅಗಿದು ಉಗೀತಿದ್ದೆ, ಅವ್ವನಿಗೆ ವಾಸನೆ ಬರಬಾರ್ದು ಅಂತ."

"ಎಷ್ಟು ಸಲ ಅಮ್ಮ?" ಎಂದು ಕೇಳಿದಳು ಚೇಚಿ.

"ಆ ಸೀಬೆ ಗಿಡದ ಕೆಳಗಡೆ ಕೊಂಬೇಲಿ ಎಲೆನೇ ಇರ್ಲಿಲ್ಲ," ಎಂದರು ಅತ್ತೆ.

ಚೇಚಿ ಬಿದ್ದು ಬಿದ್ದು ನಕ್ಕಳು. ಅತ್ತೆಗೂ ನಗು ತಡೆಯಲಾಗಲಿಲ್ಲ. ಚೇಚಿಯ ಮನೆಯಿಂದ ಕಾಚಂಪುಳಿ ಬಾಟಲಿ ಬಂತು. ಅತ್ತೆ ಮೆಟ್ಟಿಲಿಳಿದು ಬಂದು ತಾವೇ ಸೌಟು ತೆಗೆದುಕೊಂಡರು. ಬಾಳೆಎಲೆಯಲ್ಲಿ ಬಡಿಸಿಕೊಂಡು ಮೊದಲ ತುತ್ತು ಬಾಯಿಗಿಡುವಾಗ ನನ್ನವರು ಊಟಕ್ಕೆ ಬಂದು ಹಿತ್ತಲ ಬಾಗಿಲಲ್ಲಿ ನಿಂತರು.

"ಅವ್ವಾ?"

"ಏನ್ ನೋಡ್ತೀಯ ಮಗ. ಎಲೆ ತಗಂಡು ಬಾ."

ಅವರು ಎಲೆ ತಂದು ಕೂತರು. ಎರಡು ತುತ್ತು ತಿಂದು, ಯಾರೂ ಕೇಳದಿದ್ದರೂ, "ಮಡಿಕೇರಿ ಹೋಟ್ಲಲ್ಲಿ ಮಾಡೋ ಮಶ್ರೂಮ್ ಫ್ರೈ ಇಷ್ಟು ಚೆನ್ನಾಗಿರಲ್ಲ," ಎಂದರು.

"ಎಷ್ಟು ವರ್ಷದಿಂದ ತಿಂತಿದೀಯ?" ಎಂದರು ಅತ್ತೆ.

"ಅಂಗಡಿ ಸಾಮಾನು ತರಕ್ಕೆ ಹೋಗೋಕೆ ಶುರು ಮಾಡಿದಾಗಿಂದ."

ಅತ್ತೆ ಮಗನನ್ನು ಗದರಿಸಬೇಕೆಂದು ಬಾಯಿ ತೆರೆದರು, ಆದರೆ ಬಾಯಲ್ಲಿ ಅಣಬೆಯಿತ್ತು. ಚೇಚಿ ಎಲೆಯನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು. ಆಗಲೇ ಮೂವರಿಗೂ ಒಟ್ಟಿಗೆ ಏನೋ ಹೊಳೆದು ನನ್ನ ಕಡೆ ತಿರುಗಿದರು. ನನ್ನ ಎಲೆ ಹಾಗೇ ಇತ್ತು. ಎಂಟು ತಿಂಗಳು ನೀರು ಹೊತ್ತು ಸಾಕಿದ ನಾನು ಹುಟ್ಟಿದಾಗಿನಿಂದ ಒಂದು ಚೂರು ಅಣಬೆಯನ್ನೂ ತಿಂದಿರಲಿಲ್ಲ. ನನ್ನ ತವರಲ್ಲಂತೂ ಅದರ ಹೆಸರೆತ್ತುವಂತಿರಲಿಲ್ಲ.

"ಕಣ್ಣು ಮುಚ್ಕೊ," ಎಂದು ಅತ್ತೆ ತಮ್ಮ ಕೈಯಾರೆ ಒಂದು ತುಂಡು ನನ್ನ ಬಾಯಿಗಿಟ್ಟರು. ಮೆಣಸಿನ ಖಾರ, ಹುಳಿ, ಅದರ ಹಿಂದೆ ಮೆತ್ತಗೆ, ಮಳೆ ಬಿದ್ದ ಮಣ್ಣಿನಂಥ ಒಂದು ರುಚಿ. ಕಣ್ಣು ತೆರೆದಾಗ ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಪಾತ್ರೆಯನ್ನು ನನ್ನ ಹತ್ತಿರ ಎಳೆದುಕೊಂಡೆ.