ಸ್ಲ್ಯಾಬಿನ ಮೇಲಿನ ಮೆಂತ್ಯೆ

ಮಿರಜದಲ್ಲಿ ಏಳುತ್ತಿರುವ ನಮ್ಮ ಗಾಜಿನ ಮುಖದ ಅಪಾರ್ಟ್‌ಮೆಂಟಿನ ಸ್ಲ್ಯಾಬಿಗೆ ಇಂದು ನೀರು ಬಿಟ್ಟಿದ್ದರು. ಹಸಿ ಸಿಮೆಂಟಿನ ವಾಸನೆಗೆ ಹರಿಪುರದ ಮನೆ ನೆನಪಾಯಿತು.

ಅಪ್ಪ ಹಂಚು ಇಳಿಸಿ, ಓಣಿಯಲ್ಲೇ ಮೊದಲ ಸಪಾಟು ಸ್ಲ್ಯಾಬ್ ಹಾಕಿಸಿದ್ದರು. ಸಿಮೆಂಟು ಗಟ್ಟಿಯಾಗಲೆಂದು ಗವಂಡಿ ಮೇಸ್ತ್ರಿ ಅದರ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದ. “ತೊಲಿ ಇಲ್ಲದ ಮನಿಯೊಳಗ ನಾ ಮಲಗಂಗಿಲ್ಲ” ಎಂದು ಅಂಗಳದಲ್ಲೇ ಮಲಗುತ್ತಿದ್ದ ಅಜ್ಜಿ, ಆ ಬದುಗಳಲ್ಲಿ ಮೆಂತ್ಯೆ ಊರಿದಳು.

“ಅವ್ವಾ, ಇದೇನ್ ಹೊಲ ಏನ?” ಅಪ್ಪ ಸಿಟ್ಟಾದರು.

“ಸ್ಲ್ಯಾಬ್ ಸೋರಿ ನೀರ ಕೆಳಗ ಇಳದ್ರ ಮೆಂತ್ಯೆ ಒಣಗತೈತಿ. ನೋಡೂಣು.”

ಮೆಂತ್ಯೆ ನಾಲ್ಕು ಬೆರಳು ಬೆಳೆಯಿತು. ಅಜ್ಜಿ ಅದನ್ನು ಕಿತ್ತು ಪಲ್ಯ ಮಾಡಿ, ಅಂಗಳದ ಹಾಸಿಗೆಯನ್ನು ಮನೆಯೊಳಗೆ ತಂದಳು.

“ಕಾಕಾ, ಸ್ಲ್ಯಾಬಿನ ಮ್ಯಾಲೆ ತೋಟ ಮಾಡೂದು ಈಗ ಹೊಸಾ ಸ್ಟೈಲ್ ರಿ” ಎಂದಳು ಇದನ್ನು ಕೇಳಿದ ನಮ್ಮ ಅಪಾರ್ಟ್‌ಮೆಂಟಿನ ಎಂಜಿನಿಯರ್ ಹುಡುಗಿ.

“ಮೊದಲ ಮೆಂತ್ಯೆ ಊರಿ ನೋಡವಾ, ಆಮ್ಯಾಲೆ ಹಾಸಿಗಿ ತರತೇನಿ” ಎಂದೆ.