ಹಾಳೆಯ ಬೆನ್ನು ನೋಡಿದವರು

ಅವರ ಮೂಗಿನ ತುದಿಗೆ ಆಗಾಗ ಒಂದು ಚೂರು ಕಪ್ಪು ಮಸಿ ಹತ್ತಿರುತ್ತಿತ್ತು. ಅದು ನನ್ನದೇ ಮಸಿ. ರಾಮದುರ್ಗದ ಪೇಟೆಯಲ್ಲಿ ದೇವರ ಪಟ, ಮದುವೆ ಫೋಟೋಗಳಿಗೆ ಗಾಜು ಕೂರಿಸಿ ಕಟ್ಟು ಹಾಕುತ್ತಿದ್ದ ಕಾಕಾ ಅವರು. ನಾನು ಸಾಲಹಳ್ಳಿ ಕಡೆಯ ಶಾಲೆಯೊಂದರ ಚಿತ್ರಕಲಾ ಮಾಸ್ತರ. ದಿನವಿಡೀ ದುಡಿದು ದಣಿದ ಮೇಲೂ ಹಲಗೆಯ ಮೇಲೆ ಚಿತ್ರ ಕೆತ್ತಿ, ಮಸಿ ಸವರಿ, ಕಾಗದದ ಮೇಲೆ ಅಚ್ಚು ತೆಗೆಯುವ ಹುಚ್ಚು ನನಗೆ. ಅದನ್ನು ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ಕಾಕಾ ಮಾತ್ರ ಒಣಗುವವರೆಗೂ ಕಾಯದೆ ಹಾಳೆಯನ್ನು ಮೂಗಿಗೆ ಹಿಡಿದು ನೋಡುತ್ತಿದ್ದರು.

ಮೊದಲು ನೋಡುತ್ತಿದ್ದದ್ದು ಹಾಳೆಯ ಹಿಂಬದಿ. "ಮುಂದಿನ ಮಾರಿ ಎಲ್ಲಾರ್ನೂ ಮರುಳ ಮಾಡತೈತಿ. ಎಲ್ಲಿ ಒತ್ತೀರಿ, ಎಲ್ಲಿ ಬ್ಯಾಸರಾಗಿ ಬಿಟ್ಟೀರಿ ಅನ್ನೂದು ಬೆನ್ನಾಗ ಕಾಣತೈತಿ" ಎನ್ನುತ್ತಿದ್ದರು. ಹತ್ತು ಅಚ್ಚು ಒಯ್ದರೆ ಎಂಟನ್ನು ಬದಿಗೆ ಸರಿಸಿ, "ಇವನ್ನ ಒಲಿಗೆ ಹಾಕ್ರಿ ಮಾಸ್ತರ" ಎಂದುಬಿಡುವರು. ನನಗೆ ಸಿಟ್ಟು ಬರುತ್ತಿತ್ತು. ಮನೆಗೆ ಬಂದು ನೋಡಿದರೆ ಅವರು ಹೇಳಿದ್ದೇ ಖರೆ.

ತೊರಗಲ್ ಕೋಟೆಯ ಅಚ್ಚೊಂದನ್ನು ಧಾರವಾಡದ ಪ್ರದರ್ಶನಕ್ಕೆ ಕಳಿಸಬೇಕಿತ್ತು. ಮೂರನೆಯದು ತೆಗೆಯುವಾಗಲೇ ಹಲಗೆ ಸೀಳು ಬಿಟ್ಟಿತು. ಆ ಮೂರರಲ್ಲಿ ಕಾಕಾ ಒಪ್ಪಿದ್ದು ಒಂದನ್ನೇ. ಅದರ ಬಿಳಿ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಎಷ್ಟನೆಯ ಅಚ್ಚು ಎಂಬ ಸಂಖ್ಯೆ, ನನ್ನ ಸಹಿ ಹಾಕಿ ಕಟ್ಟು ಹಾಕಲು ಕೊಟ್ಟೆ. ಅವೆರಡೂ ಇಲ್ಲದ ಅಚ್ಚನ್ನು ಪ್ರದರ್ಶನದವರು ತೆಗೆದುಕೊಳ್ಳುವುದಿಲ್ಲ. ಆದರೆ ದೇವರ ಪಟದ ಬಿಳಿ ಅಂಚನ್ನು ಕತ್ತರಿಸಿಯೇ ಕಟ್ಟು ಹಾಕುವುದು ಕಾಕಾನ ಜೀವಮಾನದ ರೂಢಿ. ಕಣ್ಣಿಗೆ ಪೊರೆ ಬೇರೆ ಬಂದಿತ್ತು. ಪೆನ್ಸಿಲ್ಲಿನ ಗೆರೆ ಕಾಣಲಿಲ್ಲ. ಕೈ ತನ್ನ ಪಾಡಿಗೆ ತಾನು ಕತ್ತರಿಸಿತ್ತು.

ನೋಡಿದವನೇ ಅಂದುಬಿಟ್ಟೆ: "ಕಣ್ಣ ಕಾಣಂಗಿಲ್ಲಂದ್ರ ಯಾಕ ಕುಂತೀರಿ ಕಾಕಾ? ಮನಿಗೆ ಹೋಗ್ರಿ."

ಅವರು ಕಸದೊಳಗಿನ ಕಾಗದದ ಪಟ್ಟಿಗಳನ್ನು ಆರಿಸಿ, ಅಚ್ಚಿನ ಪಕ್ಕಕ್ಕಿಟ್ಟು ಜೋಡಿಸಲು ನೋಡಿದರು. ನಾನು ನಿಲ್ಲದೆ ಹೊರಟುಬಂದೆ.

ತಿಂಗಳಾದ ಮೇಲೆ ನಾಚಿಕೆಯಿಂದಲೇ ಹೊಸ ಅಚ್ಚುಗಳನ್ನು ಒಯ್ದೆ. ಕಾಕಾ ಚಹಾ ತರಿಸಿದರು, ಹೆಂಡತಿ ಮಕ್ಕಳ ಕ್ಷೇಮ ಕೇಳಿದರು. ಹಾಳೆಗಳನ್ನು ಮಾತ್ರ ಮುಟ್ಟಲಿಲ್ಲ.

"ನೋಡ್ರಿ ಕಾಕಾ" ಎಂದೆ.

"ನೀವ ನೋಡ್ಕೋರಿ ಮಾಸ್ತರ. ನನ್ನ ಕಣ್ಣಿನ ಮ್ಯಾಲೆ ನನಗ ಭರೋಸಾ ಉಳದಿಲ್ಲ."

ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಇನ್ನೊಮ್ಮೆ ಹೇಳಿದರಾಯಿತು ಎಂದುಕೊಂಡೆ. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು.

ಈಗಲೂ ಅಚ್ಚು ತೆಗೆಯುತ್ತೇನೆ, ಹುಮ್ಮಸ್ಸಿನಿಂದೇನಲ್ಲ. ನೋಡಿದವರೆಲ್ಲ ಚಂದ ಐತಿ ಅನ್ನುತ್ತಾರೆ, ಎಲ್ಲವನ್ನೂ ಚಂದ ಅನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ನನ್ನ ಕೆಲಸವನ್ನು ಖರೇನೇ ಕಂಡಿದ್ದವರು ಅವರೊಬ್ಬರೇ. ಕಣ್ಣು ಕಾಣುವುದಿಲ್ಲ ಎಂದು ನಾನು ಅಂದದ್ದು ಅವರಿಗೆ.