ಕಲಂದರ ಮಾಸ್ತರರ ಒಕ್ಕಣೆ

ಕಲಂದರ ಮಾಸ್ತರರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬೆಳಗಾವಿಯ ಸರಕಾರಿ ಕಚೇರಿಯೊಂದರ ಕಂಪೌಂಡಿಗೆ ಒತ್ತಿಕೊಂಡು, ತಗಡಿನ ನೆರಳಿನಲ್ಲಿ ಮೇಜು ಹಾಕಿ, ಮೂವತ್ತೊಂದು ವರ್ಷದಿಂದ ಜನರಿಗೆ ಅರ್ಜಿ ಬರೆದುಕೊಡುತ್ತ ಬಂದವರು. ಮೊದಲು ಟೈಪ್‌ರೈಟರ್ ಇತ್ತು, ಈಗ ಒಂದು ಕಂಪ್ಯೂಟರ್ ಮತ್ತು ಮನಸ್ಸು ಬಂದಾಗ ನಡೆಯುವ ಪ್ರಿಂಟರ್. ಒಳಗಿನ ಗುಮಾಸ್ತರು ತಮ್ಮ ಕರಡನ್ನೂ ಹಿಡಿದುಕೊಂಡು ಹೊರಗೆ ಬಂದು, "ಇದೊಂದಿಷ್ಟು ನೋಡ್ರಿ ಮಾಸ್ತರ" ಎನ್ನುತ್ತಿದ್ದರು. ಹೀಗೆ ಮಾಸ್ತರಿಕೆ ತಾನಾಗಿಯೇ ಬಂದು ಅವರ ಹೆಸರಿಗೆ ಅಂಟಿಕೊಂಡಿತ್ತು.

ಮನೆ ಖಾನಾಪುರದಲ್ಲಿ. ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿದರೆ ದೇಸೂರು ಬರುವಷ್ಟರಲ್ಲಿ ಆ ಡಬ್ಬಿಯಲ್ಲಿದ್ದ ಇಬ್ಬರು ಮೂವರ ತಕರಾರು ಕೇಳಿ ಮುಗಿದಿರುತ್ತಿತ್ತು. ಬೆಳಗಾವಿಯಲ್ಲಿ ಇಳಿಯುವಾಗ ಅರ್ಜಿಯ ವಿಷಯ, ಉಲ್ಲೇಖ ಎಲ್ಲವೂ ಅವರ ತಲೆಯಲ್ಲಿ ಸಿದ್ಧ. ಪಿಂಚಣಿ ನಿಂತವರಿರಲಿ, ಪಹಣಿಯಲ್ಲಿ ಹೆಸರು ತಪ್ಪಿದವರಿರಲಿ, ನಳದಲ್ಲಿ ನೀರು ಬಾರದವರಿರಲಿ, ಎಲ್ಲರಿಗೂ ಮಾಸ್ತರರು "ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರು ಮಾಡುತ್ತಿದ್ದರು. ಜನ ಅಳುತ್ತಾ ಹೇಳಿದ್ದನ್ನೆಲ್ಲ "ಸದರಿ ತೊಂದರೆ" ಎಂಬ ಎರಡು ಪದದಲ್ಲಿ ಅಡಕ ಮಾಡುವುದು ಅವರ ವಿದ್ಯೆ. ಅವರ ಮೇಜಿನಿಂದ ಹೋದ ಒಂದು ಕಾಗದವೂ "ಅಪೂರ್ಣ" ಎಂದು ಹಿಂದಿರುಗಿರಲಿಲ್ಲ. ಅರ್ಜಿದಾರನ ಕೆಲಸ ಆಗುತ್ತಿತ್ತೇ ಎಂದು ಕೇಳಬಾರದು. ಅದು ಸರಕಾರಕ್ಕೆ ಬಿಟ್ಟದ್ದು, ಒಕ್ಕಣೆ ಮಾತ್ರ ತಮ್ಮದು ಎನ್ನುವವರು ಅವರು.

ಕಳೆದ ವರ್ಷ ಖಾನಾಪುರದ ಯೋಜನಾ ಮಂಡಳಿ ಊರಿನ ಹೊಸ ನಕಾಶೆಯನ್ನು ಸಭಾಭವನದ ಗೋಡೆಗೆ ತೂಗುಹಾಕಿತು. ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ, ಉದ್ಯಾನಕ್ಕೆ ಹಸಿರು. ಇಟ್ಟಂಗಿ ಭಟ್ಟಿ ಹೊಗೆಯಾಡುತ್ತಿದ್ದ ಜಾಗ ನಕಾಶೆಯಲ್ಲಿ ಹಚ್ಚ ಹಸಿರಾಗಿತ್ತು. ಊರಾಚೆಯ ದಿಬ್ಬದ ಮೇಲೆ ಮುನ್ನೂರು ನಿವೇಶನಗಳ ಹೊಸ ಬಡಾವಣೆ. "ಬೆಳಗಾಂವಿ ರಾಮತೀರ್ಥ ನಗರ ಇದರ ಮುಂದ ಏನೂ ಅಲ್ಲ" ಎಂದು ಮಂಡಳಿಯ ಅಧ್ಯಕ್ಷ ದುಂಡಪ್ಪನವರು ಕಂಡಕಂಡವರಿಗೆ ಹೇಳುತ್ತಿದ್ದರು. ಆ ಬಡಾವಣೆಗೆ ಹೋಗಲು ಒಂದು ರಸ್ತೆ ಬೇಕಲ್ಲ? ಅದಕ್ಕೆ ಮಾಸ್ತರರಿದ್ದ ಹೊಂಡದ ಗಲ್ಲಿಯನ್ನೇ ಅರವತ್ತು ಫೂಟು ಅಗಲ ಮಾಡುವುದೆಂದು ಒಂದು ಕೆಂಪು ಗೆರೆ ಎಳೆದಿದ್ದರು. ಗಲ್ಲಿಯ ಒಂದೇ ಬಾಜುವಿನ ಮನೆಗಳೆಲ್ಲ ಆ ಗೆರೆಗೆ ಸಿಕ್ಕಿದ್ದವು. ಆಕ್ಷೇಪಣೆ ಕೊಡಲು ಅರವತ್ತು ದಿನ.

ಕೆಂಪು ಗೆರೆ ಮಾಸ್ತರರ ಮನೆಯ ಮುಂದಿನ ಕೋಣೆಯನ್ನು ಪೂರಾ ನುಂಗಿತ್ತು. ಆ ಕೋಣೆ ಅವರ ಹೆಂಡತಿ ಜೋಹರಾಳದ್ದು. ಹನ್ನೆರಡು ಫೂಟು ಉದ್ದ, ಹತ್ತು ಫೂಟು ಅಗಲ, ಐದು ಹೊಲಿಗೆ ಯಂತ್ರ. ಹದಿನೆಂಟು ವರ್ಷದಿಂದ ಅಲ್ಲಿ ಹೊಲಿಗೆ ಕಲಿತು ಹೋದ ಹುಡುಗಿಯರು ಖಾನಾಪುರದ ಅರ್ಧ ಊರಿನ ರವಿಕೆ ಹೊಲಿಯುತ್ತಿದ್ದರು. ಹಿಂದೆ ಉಳಿಯುವುದು ಅಡುಗೆಮನೆ ಮತ್ತು ಒಂದು ಮಲಗುವ ಕೋಣೆ, ಅಲ್ಲಿ ಒಂದು ಯಂತ್ರ ಇಟ್ಟರೆ ಮನುಷ್ಯ ನಿಲ್ಲುವಂತಿಲ್ಲ. ಕೋಣೆ ಹೋದರೆ ಕ್ಲಾಸು ಹೋಯಿತು, ಕ್ಲಾಸು ಹೋದರೆ ತಾನು ಬರೀ ಕಲಂದರನ ಹೆಂಡತಿಯಾಗಿ ಉಳಿಯುತ್ತೇನೆ ಎಂಬುದು ಜೋಹರಾಗೆ ಗೊತ್ತಿತ್ತು.

ಮನೆಯ ಮಾತು ದಖನಿ ಉರ್ದು. ಆದರೆ ಜೋಹರಾಗೆ ಸಿಟ್ಟು ಬಂದರೆ ಕ್ಲಾಸಿನ ಹುಡುಗಿಯರ ಕನ್ನಡವೇ ಬರುತ್ತಿತ್ತು. ಅವತ್ತು ಕನ್ನಡ ಬಂತು.

"ನಮ್ಮ ಎದುರಿನ ಬಾಜು ನೋಡೀರೇನ್ರಿ? ಗಲ್ಲಿ ಉದ್ದಕ್ಕೂ ಸರಕಾರದ್ದ ಖಾಲಿ ಜಾಗ ಬಿದ್ದೈತಿ. ಮಂದಿ ಕಸಾ ಚೆಲ್ಲತಾರ. ರೋಡ ಆ ಕಡೆ ಸರಸ್ರಿ, ಒಂದ ಮನೀನೂ ಬೀಳೂದಿಲ್ಲ ಅಂತ ಬರೀರಿ. ಅಷ್ಟ ಬರದ್ರ ಸಾಕು."

ಮಾಸ್ತರರು ನಕ್ಕರು. ಮೂವತ್ತೊಂದು ವರ್ಷದ ಅನುಭವದ ನಗು ಅದು, ಹೆಂಡತಿಯ ಮುಂದೆ ಬಹಳ ಸಲ ಉಪಯೋಗಿಸಿದ್ದು.

"ಅದು ಅರ್ಜಿ ಭಾಷಾ ಅಲ್ಲ. ರೋಡ ಎಲ್ಲಿ ಹೋಗಬೇಕಂತ ಹೇಳಾಕ ನಾವ್ಯಾರು? ಸಾಹೇಬರಿಗೆ ಬುದ್ಧಿ ಹೇಳಿದಂಗ ಆಗತೈತಿ. ಸಹಾನುಭೂತಿಪೂರ್ವಕವಾಗಿ ಪರಿಶೀಲಿಸಬೇಕು ಅಂತ ಬರದ್ರ ಅದರಾಗ ಎಲ್ಲಾ ಬಂತು."

"ಅದರಾಗ ಖಾಲಿ ಜಾಗ ಬಂತೇನು?"

"ಬಂದಂಗ ಲೆಕ್ಕ."

ಹಿತ್ತಲ ಗಿಡ ಮದ್ದಲ್ಲ. ಹೊಲಿಗೆಯವಳು ಹೇಳಿದ ಮಾತು ಸರಕಾರಿ ಕಾಗದಕ್ಕೆ ಹತ್ತೀತೇ? ಮಾಸ್ತರರು ಅಂದೇ ಕೂತು ತಮ್ಮ ಜೀವಮಾನದ ಅತ್ಯುತ್ತಮ ಒಕ್ಕಣೆಯನ್ನು ಸಿದ್ಧಮಾಡಿದರು. "ಸದರಿ ಉದ್ದೇಶಿತ ರಸ್ತೆಯಿಂದ ಅರ್ಜಿದಾರರ ಸ್ಥಿರಾಸ್ತಿಗೆ ಬಾಧೆ ಉಂಟಾಗುವುದರಿಂದ, ಸದರಿ ಪ್ರಸ್ತಾವನೆಯನ್ನು ಸಹಾನುಭೂತಿಪೂರ್ವಕವಾಗಿ ಮರುಪರಿಶೀಲಿಸಿ ನ್ಯಾಯ ಒದಗಿಸಿಕೊಡಬೇಕಾಗಿ..." ಓದಿದರೆ ಎಲ್ಲಿಯೂ ತಡೆಯುತ್ತಿರಲಿಲ್ಲ. ಗಲ್ಲಿಯ ಜನ ಒಬ್ಬೊಬ್ಬರಾಗಿ ಬಂದರು. ತಕರಾರು ಬೇರೆ ಬೇರೆ ಇತ್ತು. ಒಬ್ಬನ ಹಿಟ್ಟಿನ ಗಿರಣಿ, ಒಬ್ಬನ ಹೊಸದಾಗಿ ಕಟ್ಟಿದ ಪಾವಟಿಗೆ, ಒಬ್ಬಾಕೆಯ ಬಾಣಂತಿ ಮಗಳು ಮಲಗಿದ್ದ ಕೋಣೆ. ಮಾಸ್ತರರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು, ಕೇಳಿ ಎಲ್ಲರಿಗೂ ಅದೇ ಒಕ್ಕಣೆ ಕೊಟ್ಟರು. ಹೆಸರು ಮತ್ತು ಮನೆ ನಂಬರು ಮಾತ್ರ ಬದಲಾಯಿತು. ಒಟ್ಟು ನೂರಾ ನಲವತ್ತಮೂರು. ನೂರಾ ನಲವತ್ತಮೂರನೆಯದು ತಮ್ಮದೇ.

ಬಾರದೆ ಉಳಿದವಳು ಗಲ್ಲಿಯ ಕಡೇ ಮನೆಯ ಫಕೀರವ್ವ ಒಬ್ಬಳೇ. ಅರವತ್ತು ದಾಟಿದ ಮೇಲೆ ಸಾಕ್ಷರತಾ ಕೇಂದ್ರಕ್ಕೆ ಹೋಗಿ ಅಕ್ಷರ ಕಲಿತವಳು, ಕಲಿತದ್ದನ್ನು ಎಲ್ಲಿ ಉಪಯೋಗಿಸಲಿ ಎಂದು ಕಾಯುತ್ತಿದ್ದವಳು. ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ತಾನೇ ಬರೆದಳು: "ರೋಡು ನನ್ನ ಬಾವ್ಯಾಗ ಬೀಳತೈತಿ. ನಿಮ್ಮ ನಕಾಶ್ಯಾಗ ಬಾವಿ ಇಲ್ಲ. ಬ್ಯಾಸಿಗ್ಯಾಗ ಗಲ್ಲಿಯವರೆಲ್ಲಾ ಇದರ ನೀರ ಕುಡಿತೇವಿ. ಬಂದು ನೋಡ್ರಿ." ಕೆಳಗೆ ಸಹಿ. ಮಾಸ್ತರರಿಗೆ ಅದನ್ನು ತೋರಿಸಿದಾಗ ಅವರಿಗೆ ನಿಜವಾಗಿಯೂ ಸಂಕಟವಾಯಿತು. "ಯವ್ವಾ, ವಿಷಯ ಇಲ್ಲ, ಉಲ್ಲೇಖ ಇಲ್ಲ, ಸಾಹೇಬರಿಗೆ ಬಂದು ನೋಡ್ರಿ ಅಂತ ಹುಕುಂ ಬ್ಯಾರೆ. ಕೊಡು ಇಲ್ಲೆ, ಸರಿ ಮಾಡತೇನಿ" ಎಂದರು. ಫಕೀರವ್ವ ಕೊಡಲಿಲ್ಲ. "ಬರದದ್ದು ನಾನಾ, ಇರಲಿ ಬಿಡಪಾ" ಎಂದು ಹಾಳೆ ಮಡಚಿಕೊಂಡು ಹೋದಳು. ಬಡವಿ ಕೆಟ್ಟಳು ಎಂದು ಮಾಸ್ತರರು ಮರುಗಿದರು.

ವಿಚಾರಣೆಯ ದಿನ ಸಭಾಭವನ ತುಂಬಿತ್ತು. ಜೋಹರಾ ಬರುತ್ತೇನೆಂದಳು. "ಕಾಗದ ಮಾತಾಡತೈತಿ, ನೀ ಯಾಕ?" ಎಂದು ಮಾಸ್ತರರು ಅವಳನ್ನು ಮನೆಯಲ್ಲಿ ಬಿಟ್ಟು, ಇಸ್ತ್ರಿಯ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಮೊದಲ ಒಂದು ತಾಸು ಮಂಡಳಿಯವರು ಉದ್ಯಾನದ ಹಸಿರು ಬಣ್ಣ ತೀರಾ ತೆಳುವಾಯಿತೋ ಹೇಗೆ ಎಂದು ಚರ್ಚೆ ಮಾಡಿದರು. ಆಮೇಲೆ ದುಂಡಪ್ಪನವರು ಆಕ್ಷೇಪಣೆಗಳ ಗಂಟು ಬಿಚ್ಚಿ ಮೊದಲನೆಯದನ್ನು ಓದಿಸಿದರು. ಎರಡನೆಯದನ್ನು ಓದಿಸಿದರು. ಮೂರನೆಯದು ಅರ್ಧಕ್ಕೆ ಬಂದಾಗ ಕನ್ನಡಕ ತೆಗೆದರು.

"ಇವೆಲ್ಲಾ ಒಂದಾ ಅದಾವಲ್ರೀ?"

ಮೇಜಿನ ಕೊನೆಗೆ ಕೂತಿದ್ದ ಮಂಡಳಿ ಕಚೇರಿಯ ಗುಮಾಸ್ತ ಸುಮಿತ ಎದ್ದು ಗಂಟು ತಿರುವಿ ನೋಡಿ, ಹೌದು ಸಾಹೇಬ್ರ, ಅಕ್ಷರ ಅಕ್ಷರ ಒಂದೇ ಎಂದ. ನಿಯಮದಲ್ಲಿ ಅದಕ್ಕೂ ದಾರಿ ಇತ್ತು. ಒಂದೇ ಬಗೆಯ ಆಕ್ಷೇಪಣೆಗಳನ್ನು ಒಂದೇ ಎಂದು ಎಣಿಸಬಹುದು. ನೂರಾ ನಲವತ್ತಮೂರು ಮನೆಗಳು ಒಂದು ನಿಮಿಷದಲ್ಲಿ ಒಂದೇ ಕಾಗದವಾದವು.

ದುಂಡಪ್ಪನವರು ಕೆಟ್ಟ ಮನುಷ್ಯರೇನಲ್ಲ. ಮುಂದಿನ ಸಾಲಿನಲ್ಲಿದ್ದ ಮಾಸ್ತರರ ಗುರುತು ಹಿಡಿದು, "ಮಾಸ್ತರ, ನೀವರ ಹೇಳ್ರಿ. ನಿಮ್ಮ ಮನಿಗೆ ಖರೇ ಏನ ತ್ರಾಸ ಐತಿ? ಬಾಯಿಲೆ ಹೇಳ್ರಿ" ಎಂದರು.

ಮಾಸ್ತರರು ಎದ್ದು ನಿಂತರು. ಐದು ಯಂತ್ರ, ಹದಿನೆಂಟು ವರ್ಷ, ಎದುರಿನ ಖಾಲಿ ಜಾಗ, ಎಲ್ಲವೂ ಗಂಟಲ ತನಕ ಬಂದವು. ಗಂಟಲಿಗೆ ಬಂದದ್ದು ಹಾಗೇ ಹೊರಗೆ ಹೋಗುವ ಅಭ್ಯಾಸ ಅವರಿಗಿರಲಿಲ್ಲ.

"ಮಾನ್ಯರೇ," ಎಂದರು, "ಸದರಿ ಉದ್ದೇಶಿತ ರಸ್ತೆಯಿಂದ ಅರ್ಜಿದಾರರ ಸ್ಥಿರಾಸ್ತಿಗೆ ಬಾಧೆ ಉಂಟಾಗುವುದರಿಂದ..."

"ಅದು ಬಂದೈತ್ರಿ ಇದರಾಗ. ಬ್ಯಾರೆ ಏನರ?"

ಮಾಸ್ತರರು ಕೈ ಮುಗಿದು ಕೂತರು. ಮುಂದಿನದು ಕ್ಯಾಲೆಂಡರ್ ಹಾಳೆ. ಅದನ್ನು ಓದಿದಾಗ ಸಭೆ ನಕ್ಕಿತು, ಆದರೆ ನಕಾಶೆ ಎಳೆದ ಮಂಡಳಿಯ ಇಂಜಿನಿಯರು ನಗಲಿಲ್ಲ. ನಕಾಶೆಯಲ್ಲಿ ಬಾವಿ ಇಲ್ಲ ಎಂದು ಬರೆದ ಮೇಲೆ ನೋಡದೆ ವಿಧಿಯಿಲ್ಲ. ಎಲ್ಲರೂ ಎದ್ದು ಹೊಂಡದ ಗಲ್ಲಿಗೆ ನಡೆದರು, ಮಾಸ್ತರರ ಮನೆಯ ಮುಂದಿನಿಂದಲೇ ಹಾದು ಕಡೇ ಮನೆಗೆ ಹೋದರು. ಬಾವಿ ಇತ್ತು. ನೀರೂ ಇತ್ತು. ಫಕೀರವ್ವ ಎಲ್ಲರಿಗೂ ಒಂದೊಂದು ತಂಬಿಗೆ ಸೇದಿ ಕುಡಿಸಿದಳು. ಗಲ್ಲಿಯ ತುದಿಯಲ್ಲಿ ಕೆಂಪು ಗೆರೆ ಹದಿನೈದು ಫೂಟು ಡೊಂಕಾಯಿತು, ಉಳಿದದ್ದು ಇದ್ದ ಹಾಗೇ ಉಳಿಯಿತು.

ಆ ಸಂಜೆ ಜೋಹರಾ ಏನಾಯಿತೆಂದು ಕೇಳಿ ತಿಳಿದುಕೊಂಡಳು. "ಮನಿಗೆ ಮಾರಿ, ಊರಿಗೆ ಉಪಕಾರಿ ಅಂತಾರ. ನೀವು ಊರಿಗೂ ಆಗಲಿಲ್ಲ" ಎಂದಳು. ಮಾಸ್ತರರಿಗೆ ಅದು ಬಹಳ ನಾಟಿತು. ಅನ್ನ ಸೇರಲಿಲ್ಲ.

ಮೂರು ವಾರವಾದ ಮೇಲೆ ಸುಮಿತ ಬೆಳಗಾವಿಗೆ ಬಂದು ಅವರ ಮೇಜಿನ ಮುಂದೆ ನಿಂತ. ಕೈಯಲ್ಲಿ ಒಂದು ಕರಡು. ಆಕ್ಷೇಪಣೆ ತಿರಸ್ಕರಿಸಿದ ಆದೇಶ.

"ಆಫೀಸಿನ ಕಂಪ್ಯೂಟರ ಕೆಟ್ಟೈತ್ರಿ ಮಾಸ್ತರ. ನಾಳೆ ಸಾಹೇಬ್ರ ಸಹಿ ಆಗಬೇಕು. ನಿಮಗ ಕೊಡಾಕ ನಾಚಿಕಿ ಬರಾಕತ್ತೈತಿ, ಆದ್ರ ಮತ್ತ ಯಾರ ಮಾಡ್ತಾರ?"

"ಇಟ್ಟ ಹೋಗು. ಚಹಾ ಕುಡದ ಬಾ" ಎಂದರು ಮಾಸ್ತರರು.

ಕರಡನ್ನು ಓದಿದರು. ನಾಲ್ಕೇ ಸಾಲು. ಆಕ್ಷೇಪಣೆಗಳೆಲ್ಲ ಒಂದೇ ತರಹ ಇದ್ದುದರಿಂದ ತಿರಸ್ಕರಿಸಿದೆ ಎಂದಷ್ಟೇ ಇತ್ತು. ವಿಚಾರಣೆ ನಡೆದ ತಾರೀಖಿಲ್ಲ, ಸ್ಥಳ ಪರಿಶೀಲನೆಯ ಮಾತಿಲ್ಲ, ಕಾರಣವಿಲ್ಲ, ಗಡುವಿಲ್ಲ. ಎಳೇ ವಕೀಲ ಕೂಡ ಇದನ್ನು ಹರಿದು ಕೈಗೆ ಕೊಡಬಹುದು ಎಂದು ಮಾಸ್ತರರಿಗೆ ತಕ್ಷಣ ಹೊಳೆಯಿತು. ಇದ್ದ ಹಾಗೇ ಟೈಪ್ ಮಾಡಿ ಕೊಟ್ಟರೆ ಸಾಕು, ಕೋಣೆ ಉಳಿಯಬಹುದು. ಹಾಗೆಯೇ ಟೈಪ್ ಮಾಡಿದರು. ಪ್ರಿಂಟೂ ತೆಗೆದರು.

ಹಾಳೆ ಮೇಜಿನ ಮೇಲೆ ಬಿದ್ದಿತ್ತು. ಮಾಸ್ತರರಿಗೆ ಅದನ್ನು ನೋಡಲಾಗಲಿಲ್ಲ. ಇಂಥದ್ದೊಂದು ಕಾಗದ ಕಲಂದರನ ಮೇಜಿನಿಂದ ಹೋಯಿತೆಂದರೆ ಜನ ಏನೆಂದಾರು? ತನ್ನ ಮನೆ ಕೆಡವುವ ಕಾಗದ ಅದು, ಅದಕ್ಕಾದರೂ ತಲೆ ಬುಡ ಬೇಡವೇ? ಮೊದಲು ತಾರೀಖು ಒಂದನ್ನು ಸೇರಿಸಿದರು, ಅದರಿಂದ ಯಾರಿಗೇನು ನಷ್ಟ ಎಂದುಕೊಂಡರು. ತಾರೀಖು ಬಂದ ಮೇಲೆ ಸ್ಥಳ ಪರಿಶೀಲನೆ ಬರದಿದ್ದರೆ ಹೇಗೆ? ಮಂಡಳಿಯವರು ಗಲ್ಲಿಯಲ್ಲಿ ನಡೆದದ್ದು ಸುಳ್ಳಲ್ಲ, ಸೇರಿಸಿದರು. ಕಾರಣವೊಂದು ಬೇಕಿತ್ತು. ಬಹಳ ಹೊತ್ತು ಯೋಚನೆ ಮಾಡಿ, "ಅರ್ಜಿದಾರರು ಯಾವುದೇ ಪರ್ಯಾಯ ಮಾರ್ಗವನ್ನು ಸೂಚಿಸಿರುವುದಿಲ್ಲವಾದ್ದರಿಂದ" ಎಂದು ಬರೆದರು. ಬರೆದ ಮೇಲೆ ಬೆರಳುಗಳು ಅಲ್ಲೇ ನಿಂತವು. ಎದುರಿನ ಖಾಲಿ ಜಾಗ ಕಣ್ಣ ಮುಂದೆ ಬಂತು, ಹೆಂಡತಿಯ ಮುಖವೂ ಬಂತು. ಅಳಿಸಬೇಕೆಂದುಕೊಂಡರು. ಆದರೆ ಅದು ನಿಜವೇ ಆಗಿತ್ತು, ಮೇಲಾಗಿ ವಾಕ್ಯ ಅಷ್ಟು ಚೆನ್ನಾಗಿ ಕೂತಿತ್ತು. ಹಾಗೇ ಬಿಟ್ಟು ಮುಂದುವರಿದರು. ಸುಮಿತ ಚಹಾ ಕುಡಿದು ಬಂದಾಗ ಎರಡು ಪುಟದ ಆದೇಶ ಬೆಚ್ಚಗೆ ಕಾಯುತ್ತಿತ್ತು. ಓದದೆಯೇ ಚೀಲಕ್ಕೆ ಹಾಕಿಕೊಂಡ.

ಆದೇಶ ಸಹಿಯಾಗಿ ಟಪಾಲಿನಲ್ಲಿ ಮನೆಗೆ ಬಂತು. ಅಪೀಲು ಮಾಡಲೇಬೇಕೆಂದು ಜೋಹರಾ ಹಟ ಹಿಡಿದು, ಈ ಸಲ ಗಂಡನ ಮಾತು ಕೇಳದೆ, ಅವರನ್ನೇ ಮುಂದೆ ಮಾಡಿಕೊಂಡು ಬೆಳಗಾವಿಗೆ ಹೊರಟಳು. ಅವಳ ಹತ್ತಿರ ಹಿಂದೆ ಹೊಲಿಗೆ ಕಲಿತಿದ್ದ ಶರ್ವರಿ ಈಗ ಕೋಟೆಯ ಹತ್ತಿರ ಆಫೀಸು ಇಟ್ಟುಕೊಂಡು ವಕೀಲಿ ಮಾಡುತ್ತಿದ್ದಳು.

"ಬರ್ರಿ ಟೀಚರ, ಕುಂದರ್ರಿ" ಎಂದು ಶರ್ವರಿ ಎದ್ದು ಕುರ್ಚಿ ಕೊಟ್ಟಳು. ಎದುರಿನ ಖಾಲಿ ಜಾಗದ ಮಾತನ್ನೂ ಪೂರಾ ಕೇಳಿದಳು. ಆಮೇಲೆ ಆದೇಶ ಓದಿದಳು. ಒಂದು ಸಲ ಓದಿದಳು, ಮತ್ತೆ ಮೊದಲಿನಿಂದ ಓದಿದಳು.

"ಟೀಚರ, ಖರೇ ಹೇಳಬೇಕಂದ್ರ ಇಂಥಾ ಆದೇಶ ನಾ ನೋಡಿಲ್ಲ. ಸಣ್ಣ ಊರಿನ ಮಂಡಳಿ ಆದೇಶ ಅಂದ್ರ ಹತ್ತ ತೂತ ಇರತಾವ, ಒಂದರಾಗ ಕೈ ಹಾಕಿ ಸ್ಟೇ ತರಬಹುದು. ಇದಕ್ಕ ಎಲ್ಲೂ ಸಂದಿ ಇಲ್ಲ. ಈ ಜಾಗದ ಮಾತು ನೀವು ಮೊದಲ ಹೇಳಿಲ್ಲಂತನೂ ಬರದ ಬಾಗಲಾ ಹಾಕ್ಯಾರ. ಯಾರ ಬರದಾರೋ, ಭಾರಿ ಶಾಣ್ಯಾ ಮನಷ್ಯಾ ಇರಬೇಕು."

ಮಾಸ್ತರರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಮೂವತ್ತೊಂದು ವರ್ಷದಲ್ಲಿ ಕಾನೂನು ಓದಿದವರೊಬ್ಬರು ಅವರ ಒಕ್ಕಣೆಯನ್ನು ಹೀಗೆ ಹೊಗಳಿದ್ದು ಇದೇ ಮೊದಲು.

"ನಾನಾ ಬರದೇನವಾ" ಎಂದರು.

ಜೋಹರಾ ಗಂಡನ ಕಡೆ ನೋಡಲಿಲ್ಲ. ಶರ್ವರಿಯನ್ನೇ ಕೇಳಿದಳು, "ಮಶೀನ ತಗದ ಕೋಣಿ ಖಾಲಿ ಮಾಡಾಕ ಎಷ್ಟ ದಿನ ಕೊಟ್ಟಾರವಾ?"

ಶರ್ವರಿ ಪುಟ ತಿರುವತೊಡಗಿದಳು. ಅವಳು ಹುಡುಕುವ ಮೊದಲೇ ಮಾಸ್ತರರು ಬಾಯಿ ಬಿಟ್ಟಿದ್ದರು.

"ಮೂವತ್ತ ದಿನ. ಕರಡಿನ್ಯಾಗ ಗಡುವಾ ಇರಲಿಲ್ಲ. ಗಡುವಿಲ್ಲದ ಆದೇಶ ಛಲೋ ಕಾಣೂದಿಲ್ಲಂತ ನಾನಾ ಹಾಕೇನಿ."

"ಇವತ್ತಿಗೆ ಹನ್ನೊಂದ ದಿನ ಆತು" ಎಂದು ಜೋಹರಾ ಎದ್ದಳು.